ಮೀಟಿಂಗ್ ಹತ್ತಿರದ್ದೇ ಇರಲಿ

"ಮೇಡಂ, ಕಾಸರಗೋಡಿನಲ್ಲಿ ಬೇಡ. ಮಂಗಳೂರಿನಲ್ಲಿ ಎಲ್ಲಾದರೂ ಉಂಟಾ?"

ಕುಡಿತ ಬಿಡಲು ನಮ್ಮಲ್ಲಿಗೆ ಬಂದವರಿಗೆ ಎ.ಎ. ಮೀಟಿಂಗ್, ಅಂದರೆ ಕುಡಿತ ಬಿಟ್ಟವರೂ ಬಿಡಬೇಕೆನ್ನುವವರೂ ಒಟ್ಟಿಗೆ ಕೂರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪಿನ ಮೀಟಿಂಗ್ ವಿಷಯ ಹೇಳಿದ ಕೂಡಲೇ ಈ ಪ್ರಶ್ನೆ ಬರುತ್ತದೆ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದವರೂ ಕೇಳುತ್ತಾರೆ, ಮುಳ್ಳೇರಿಯದವರೂ ಕೇಳುತ್ತಾರೆ. ಕಾರಣ ಒಂದೇ. ಯಾರಾದರೂ ನೋಡಿದರೆ?

ಕುಡಿದದ್ದನ್ನು ಇಷ್ಟು ವರ್ಷ ಊರೆಲ್ಲ ನೋಡಿದೆ. ಬಸ್ ಸ್ಟ್ಯಾಂಡಿನಲ್ಲಿ ಬಿದ್ದದ್ದನ್ನು ನೋಡಿದೆ, ಮದುವೆ ಮನೆಯ ಗಲಾಟೆಯನ್ನೂ ನೋಡಿದೆ. ಬಿಡಲು ಹೊರಟದ್ದನ್ನು ಮಾತ್ರ ನೋಡಬಾರದು ಎಂದರೆ ನನಗೆ ಸಿಟ್ಟು ಬರುತ್ತದೆ. ಎದುರು ಕುಳಿತವರ ಮುಖ ನೋಡಿದರೆ ಆ ಸಿಟ್ಟು ಇಳಿಯುತ್ತದೆ. ಅವರ ನಾಚಿಕೆ ಸುಳ್ಳಲ್ಲ. ಆದರೂ ನಾನು ಹತ್ತಿರದ ಮೀಟಿಂಗಿಗೇ ಹೋಗಿ ಎನ್ನುತ್ತೇನೆ.

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಮೀಟಿಂಗ್ ಹೆಚ್ಚಾಗಿ ಸಂಜೆ ಹೊತ್ತು. ಬಸ್ಸಿನಲ್ಲಿ ಹೋಗುವಾಗ ಕರ್ನಾಟಕದ ಗಡಿ ತಲಪಾಡಿ ದಾಟಬೇಕು. ಒಂದನೇ ತಾರೀಖು ಕೇರಳದಲ್ಲಿ ಮದ್ಯದಂಗಡಿ ಮುಚ್ಚಿದಾಗ ನಮ್ಮವರು ಹಿಡಿಯುವ ದಾರಿ ಅದೇ. ಅಲ್ಲಿಯ ಬಾರ್‌ಗಳೆಲ್ಲ ಗೊತ್ತಿರುವವರನ್ನು, ಬಿಟ್ಟು ಹತ್ತು ದಿನ ಆಗಿರುವಾಗ ಒಬ್ಬರನ್ನೇ ಆ ದಾರಿಗೆ ಕಳುಹಿಸಲು ನನಗೆ ಧೈರ್ಯ ಇಲ್ಲ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಕುಡಿಯಬೇಕು ಎಂಬ ಆಸೆ ಮೀಟಿಂಗಿನ ದಿನ ನೋಡಿಕೊಂಡು ಬರುವುದಿಲ್ಲ. ಅಡಿಕೆ ಮಾರಿ ಕೈಗೆ ದುಡ್ಡು ಬಂದ ದಿನ ಬರುತ್ತದೆ. ಮನೆಯಲ್ಲಿ ಜಗಳ ಆದ ರಾತ್ರಿ ಬರುತ್ತದೆ. ಆಗ ಫೋನ್ ಮಾಡಿದರೆ ಸ್ಕೂಟರ್ ಹತ್ತಿ ಬಂದು ಅಂಗಳದಲ್ಲಿ ಜೊತೆಗೆ ಕೂರುವ ಮನುಷ್ಯ ಬೇಕು. ಹೀಗೆ ಹೊಸಬರ ಕೈ ಹಿಡಿಯುವ ಹಳಬರನ್ನು ಎ.ಎ.ಯಲ್ಲಿ ಸ್ಪಾನ್ಸರ್ ಎನ್ನುತ್ತಾರೆ. ಮಂಗಳೂರಿನ ಸ್ಪಾನ್ಸರ್ ಎಷ್ಟೇ ಒಳ್ಳೆಯವರಾಗಿರಲಿ, ರಾತ್ರಿ ಒಂಬತ್ತಕ್ಕೆ ನಿಮ್ಮ ಅಂಗಳಕ್ಕೆ ಬರಲಾರರು ಅಲ್ವಾ?

ಎ.ಎ. ಹುಟ್ಟಿದ್ದೂ ಹೀಗೆಯೇ. 1935ರಲ್ಲಿ ನ್ಯೂಯಾರ್ಕಿನ ಬಿಲ್ ಎನ್ನುವವರು ವ್ಯವಹಾರಕ್ಕೆಂದು ಓಹಾಯೋದ ಆಕ್ರನ್ ಊರಿಗೆ ಹೋಗಿದ್ದರು. ವ್ಯವಹಾರ ಕೆಟ್ಟಿತು. ಹೋಟೆಲಿನಲ್ಲಿ ನಿಂತಿದ್ದಾಗ ಕುಡಿಯುವ ಆಸೆ ಎದ್ದಿತು. ಅವರು ಅಲ್ಲಿಂದಲೇ ಫೋನ್ ಮಾಡಿ, ಅದೇ ಊರಿನಲ್ಲಿ ಕುಡಿತದಿಂದ ಕಷ್ಟಪಡುವ ಯಾರಾದರೂ ಇದ್ದಾರಾ ಎಂದು ವಿಚಾರಿಸಿದರು. ಹಾಗೆ ಸಿಕ್ಕಿದವರು ಡಾಕ್ಟರ್ ಬಾಬ್. ಇಬ್ಬರೂ ಕುಳಿತು ಗಂಟೆಗಟ್ಟಲೆ ಮಾತಾಡಿದರು.

ನಮ್ಮಲ್ಲಿಗೆ ಬರುತ್ತಿದ್ದ ಒಬ್ಬರ ಕಥೆ ಹೇಳಬೇಕು. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ. ಅಡಿಕೆ ತೋಟದವರು, ಐವತ್ತರ ಆಸುಪಾಸು. ಹಟ ಹಿಡಿದು ಮಂಗಳೂರಿನ ಮೀಟಿಂಗಿಗೇ ಹೋದರು. ಎರಡು ಭಾನುವಾರ ಹೋದರು. ಮೂರನೆಯದಕ್ಕೆ ಜೋರು ಮಳೆ. ನಾಲ್ಕನೆಯದಕ್ಕೆ ಬಸ್ ತಪ್ಪಿತು. ಮತ್ತೆ ನನಗೆ ಸಿಕ್ಕಿದಾಗ ಅವರ ಕಣ್ಣು ಹಳದಿಯಾಗಿತ್ತು.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಹತ್ತಿರದ ಪೇಟೆಯ ಮೀಟಿಂಗಿಗೆ ಒಪ್ಪಿದರು. ಮೊದಲ ದಿನ ಆಟೋ ಹತ್ತಿ ಚರ್ಚ್ ಹಾಲ್ ಎಂದದ್ದೇ ತಡ, ಡ್ರೈವರ್ ಕೇಳಿದನಂತೆ, "ಗುರುವಾರದ ಮೀಟಿಂಗಾ ಅಣ್ಣ?" ಇವರಿಗೆ ಇಳಿದು ಓಡುವಷ್ಟು ನಾಚಿಕೆ. ಮುಂದಿನ ಗುರುವಾರ ಇವರು ಹೋಗುವುದು ಬೇಡ ಎಂದು ಜಗಲಿಯಲ್ಲಿ ಕೂತಿದ್ದರು. ಸಂಜೆ ಆರಕ್ಕೆ ಅದೇ ಆಟೋ ಗೇಟಿನ ಹತ್ತಿರ ಬಂದು ಹಾರ್ನ್ ಹೊಡೆಯಿತು. ಯಾರೂ ಕರೆದಿರಲಿಲ್ಲ. ಆಮೇಲೆ ಮಳೆಗಾಲ ಪೂರ್ತಿ ಆ ಆಟೋ ತಪ್ಪಿಸಲಿಲ್ಲ. ಇದನ್ನು ಹೇಳುವಾಗ ಅವರ ಕಣ್ಣು ತುಂಬಿತ್ತು, ನನ್ನದೂ.

ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಊರಿನಲ್ಲಿ ಗೊತ್ತಾದರೆ ಕೆಲಸಕ್ಕೇ ಕುತ್ತು ಬರುವವರು ಇದ್ದಾರೆ, ಅವರಿಗೆ ದೂರದ್ದೇ ಸರಿ. ಆದರೆ ಮೀಟಿಂಗಿನಲ್ಲಿ ಪೂರ್ತಿ ಹೆಸರು ಕೇಳುವುದಿಲ್ಲ. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳಬಾರದು ಎಂಬುದು ಅಲ್ಲಿಯ ರೂಢಿ. ಫೀಸಿಲ್ಲ. ಕುಡಿತ ಬಿಡಬೇಕು ಎಂಬ ಆಸೆ ಇದ್ದರೆ ಸಾಕು, ಸದಸ್ಯರಾಗಬಹುದು. ಚರ್ಚ್ ಹಾಲಿನಲ್ಲಿ ನಡೆದರೂ ಅದು ಚರ್ಚಿನ ಕಾರ್ಯಕ್ರಮ ಅಲ್ಲ. ಮಲಯಾಳದಲ್ಲಿ ನಡೆಯುವ ಗುಂಪಾದರೂ ಹಿಂಜರಿಯಬೇಡಿ. ನನಗೆ ಕನ್ನಡವೇ ಬರುವುದು, ತುಳುವೇ ಬರುವುದು ಎಂದು ಮೊದಲೇ ಹೇಳಿ. ನಮ್ಮ ಜಿಲ್ಲೆಯಲ್ಲಿ ಅದು ಯಾರಿಗೂ ಹೊಸದಲ್ಲ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರದಲ್ಲಿ ಬಿಟ್ಟವರಿಗೆ ಆಮೇಲೆ ಒಟ್ಟು ಸೇರಲು ನವಜೀವನ ಸಮಿತಿ ಇದೆ. ಶಿಬಿರ ಮುಗಿಯಿತು ಎಂದು ಅದನ್ನು ತಪ್ಪಿಸಬೇಡಿ.

ಒಂದು ಎಚ್ಚರಿಕೆ. ದಿನಾ ಜಾಸ್ತಿ ಕುಡಿಯುವವರು ಮೀಟಿಂಗಿಗೆ ಹೋಗಬೇಕೆಂದು ಒಮ್ಮೆಲೇ ನಿಲ್ಲಿಸಬೇಡಿ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಒಳಗೆ ಕೈ ನಡುಗಿ, ಇಲ್ಲದ್ದು ಕಂಡು, ಜೀವಕ್ಕೇ ಅಪಾಯ ಆಗಬಹುದು. ಮೊದಲು ಡಾಕ್ಟರನ್ನು ನೋಡಿ. ಮನೆಯವರು ಗುಟ್ಟಾಗಿ ಕಾಫಿಯಲ್ಲಿ ಕುಡಿತ ಬಿಡಿಸುವ ಮಾತ್ರೆ ಬೆರೆಸುವುದೂ ಅಪಾಯ, ದಯವಿಟ್ಟು ಮಾಡಬೇಡಿ. ಮನೆಯವರಿಗೆಂದೇ ಅಲ್-ಅನಾನ್ ಎಂಬ ಬೇರೆ ಗುಂಪು ಇದೆ, 1951ರಿಂದ ನಡೆಯುತ್ತಿದೆ.

ಮೀಟಿಂಗ್ ಎಲ್ಲಿದೆ ಎಂದು ಗೊತ್ತಾಗದಿದ್ದರೆ ಕುಡಿತ, ಡ್ರಗ್ಸ್ ಬಿಡಿಸಲೆಂದೇ ಇರುವ ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯವರನ್ನು 14405ರಲ್ಲಿ ಕೇಳಿ. ಕನ್ನಡದಲ್ಲೇ ಮಾತಾಡಬೇಕು ಎಂದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಇದೆ, 14416. ಆಸ್ಪತ್ರೆಯ ಮಾನಸಿಕ ವಿಭಾಗದಲ್ಲೂ ವಿಚಾರಿಸಬಹುದು. ಎಲ್ಲಿ ವಿಚಾರಿಸಿದರೂ ಮೊದಲು ನಿಮ್ಮ ಊರಿನ ಹೆಸರು ಹೇಳಿ, ಅಲ್ಲಿಗೆ ಹತ್ತಿರ ಯಾವುದು ಎಂದು ಕೇಳಿ.