ಬೆಳಕು ಎಲ್ಲಿ ಸೋರುತ್ತಿದೆ, ಮೊದಲು ಅದನ್ನು ನೋಡಿ

ಹೋದ ತಿಂಗಳು ಒಬ್ಬರು ತಮ್ಮ ಟೊಮೇಟೊ ಸಸಿಗಳ ಫೋಟೊ ಕಳಿಸಿದ್ದರು. ಟ್ರೇಯ ನಡುವಿನ ಸಸಿಗಳು ಗಿಡ್ಡಗೆ, ದಪ್ಪ ಕಾಂಡದಲ್ಲಿ ನೆಟ್ಟಗೆ ನಿಂತಿದ್ದವು. ಅಂಚಿನವು ಮಾತ್ರ ಸಣಕಲಾಗಿ ಉದ್ದಕ್ಕೆ ಬೆಳೆದು, ಕತ್ತು ಚಾಚಿಕೊಂಡು ಒಳಕ್ಕೆ ಬಾಗಿದ್ದವು. ‘ಲೈಟ್ ಒಳ್ಳೆಯದೇ ಸರ್, ರಿಫ್ಲೆಕ್ಟರ್ ಕೂಡ ಹಾಕಿದ್ದೇನೆ, ಆದರೂ ಹೀಗೆ’ ಅಂದರು. ಫೋಟೊ ದೊಡ್ಡದು ಮಾಡಿ ನೋಡಿದೆ. ಎಲ್‌ಇಡಿ ಪ್ಯಾನೆಲ್‌ನ ಬೆನ್ನ ಹಿಂದೆ, ಚಾವಣಿಗೆ, ಅಲ್ಯೂಮಿನಿಯಂ ಫಾಯಿಲ್ ಅಚ್ಚುಕಟ್ಟಾಗಿ ಅಂಟಿಸಿದ್ದರು. ಸುತ್ತ ನಾಲ್ಕೂ ಕಡೆ ಬಯಲು.

ಎಲ್‌ಇಡಿ ಪ್ಯಾನೆಲ್ ಬೆಳಕು ಚೆಲ್ಲುವುದು ಕೆಳಕ್ಕೆ ಮತ್ತು ಪಕ್ಕಕ್ಕೆ. ಅದರ ಬೆನ್ನಿನಿಂದ ಏನೂ ಬರುವುದಿಲ್ಲ. ನೀರು ಸೋರುತ್ತಿರುವುದು ಒಂದು ಕಡೆ, ಬಕೆಟ್ ಇಟ್ಟಿರುವುದು ಇನ್ನೊಂದು ಕಡೆ ಅನ್ನುವ ಹಾಗಾಗಿತ್ತು.

ಮನೆಯೊಳಗೆ ಗಿಡ ಬೆಳೆಸುವವರಿಗೆ ಲೈಟ್ ಜೋಡಿಸಿಕೊಡುವ ಕೆಲಸದಲ್ಲಿ ನಾನು ಜಾಸ್ತಿ ನೋಡುವ ತಪ್ಪು ಇದೇ. ‘ಯಾವ ಶೀಟ್ ತಗೊಳ್ಳಲಿ?’ ಎಂದು ಎಲ್ಲರೂ ಕೇಳುತ್ತಾರೆ. ‘ಎಲ್ಲಿ ಹಾಕಲಿ?’ ಎಂದು ಕೇಳುವವರು ಕಡಿಮೆ. ರಿಫ್ಲೆಕ್ಟರ್ ಹೊಸ ಬೆಳಕು ಹುಟ್ಟಿಸುವುದಿಲ್ಲ. ಗಿಡಕ್ಕೆ ಸಿಗದೆ ಹೋಗುತ್ತಿರುವ ಬೆಳಕನ್ನು ವಾಪಸ್ ತಿರುಗಿಸುತ್ತದೆ, ಅಷ್ಟೇ. ಬೆಳಕು ಹೋಗದ ಕಡೆ ಎಂಥ ದುಬಾರಿ ಶೀಟ್ ಹಾಕಿದರೂ ಅದು ಸುಮ್ನೆ ಅಲಂಕಾರ.

ಎಷ್ಟು ಸೋರುತ್ತದೆ ಎಂದು ಅಂದಾಜು ಬೇಕಾ? ಒಂದು ಚಿಕ್ಕ ಲೆಕ್ಕ ಮಾಡೋಣ. ಲೆನ್ಸ್ ಇಲ್ಲದ ಒಂದು ಪುಟ್ಟ ಎಲ್‌ಇಡಿಯನ್ನು, 60 ಸೆಂ.ಮೀ. ಅಗಲದ ದುಂಡು ಜಾಗದ ಸರಿ ನಡುವೆ, 30 ಸೆಂ.ಮೀ. ಎತ್ತರದಲ್ಲಿ ತೂಗುಹಾಕಿದ್ದೀರಿ ಅಂದುಕೊಳ್ಳಿ. ಇಂಥ ಎಲ್‌ಇಡಿ ಸುಮಾರು 120 ಡಿಗ್ರಿ ಅಗಲಕ್ಕೆ ಬೆಳಕು ಚೆಲ್ಲುತ್ತದೆ. ಅದರ ಒಟ್ಟು ಬೆಳಕಿನಲ್ಲಿ ಅರ್ಧ ಮಾತ್ರ ಆ ಜಾಗದೊಳಗೆ ಬೀಳುತ್ತದೆ. 45 ಸೆಂ.ಮೀ.ಗೆ ಏರಿಸಿದರೆ ಮೂರನೇ ಒಂದು ಪಾಲಿಗೂ ಕಡಿಮೆ. 60ಕ್ಕೆ ಏರಿಸಿದರೆ ಐದನೇ ಒಂದು ಪಾಲು. ಮಿಕ್ಕಿದ್ದೆಲ್ಲ ಪಕ್ಕಕ್ಕೆ ಹೋಗಿ ನೆಲಕ್ಕೆ, ಗೋಡೆಗೆ, ನಿಮ್ಮ ಕಣ್ಣಿಗೆ ಬೀಳುತ್ತದೆ. ‘ಎತ್ತರಕ್ಕೆ ಹೋದರೆ ಬೆಳಕು ಕಡಿಮೆಯಾಗುತ್ತದೆ’ ಎಂದು ಹೇಳುತ್ತೇವಲ್ಲ, ಅದು ಎಲ್ಲೂ ಮಾಯವಾಗಿರುವುದಿಲ್ಲ. ಪಕ್ಕಕ್ಕೆ ಹರಡಿಕೊಂಡಿರುತ್ತದೆ. ಹಾಗಾಗಿಯೇ ಪಕ್ಕದ ಗೋಡೆ ಅಷ್ಟು ಮುಖ್ಯ. ದೊಡ್ಡ ಪ್ಯಾನೆಲ್ ಆದರೆ ಅಂಕಿ ಬೇರೆ ಬರುತ್ತದೆ, ಸೋರುವ ದಾರಿ ಮಾತ್ರ ಅದೇ.

ಟ್ಯೂಬ್‌ಲೈಟ್ ಕಥೆ ಬೇರೆ. ಹಳೆಯ ಫ್ಲೋರೊಸೆಂಟ್ ಟ್ಯೂಬ್ ಸುತ್ತ 360 ಡಿಗ್ರಿಗೂ ಬೆಳಕು ಬಿಡುತ್ತದೆ. ಅಂದರೆ ಅರ್ಧ ಮೇಲಕ್ಕೇ ಹೋಗುತ್ತದೆ. ಅಲ್ಲಿ ತಲೆಯ ಮೇಲೆ ರಿಫ್ಲೆಕ್ಟರ್ ಬೇಕೇ ಬೇಕು. ಆದರೆ ಟ್ಯೂಬ್‌ಗೆ ತಾಗಿಕೊಂಡ ಹಾಗೆ ಚಪ್ಪಟೆ ತಗಡು ಇಟ್ಟರೆ, ತಿರುಗಿದ ಬೆಳಕು ಮತ್ತೆ ಟ್ಯೂಬ್‌ನ ಬೆನ್ನಿಗೇ ಬಡಿಯುತ್ತದೆ. ಒಂದಿಷ್ಟು ಅಲ್ಲೇ ಹೀರಿಹೋಗುತ್ತದೆ, ಜೊತೆಗೆ ಟ್ಯೂಬ್ ಕಾಯುತ್ತದೆ. ತಗಡನ್ನು ನಡುವೆ ಮಡಚಿ, ಆ ಏಣು ಟ್ಯೂಬ್ ಕಡೆ ಬರುವ ಹಾಗೆ ಹಕ್ಕಿ ರೆಕ್ಕೆ ಆಕಾರ ಕೊಟ್ಟರೆ ಬೆಳಕು ಟ್ಯೂಬ್‌ನ ಎರಡೂ ಬದಿಯಿಂದ ಕೆಳಗಿಳಿಯುತ್ತದೆ. ಸೋಡಿಯಂ ದೀಪದಂಥ ಬಿಸಿ ದೀಪಗಳಿಗೆ ಮನೆಯಲ್ಲಿ ಕತ್ತರಿಸಿದ ತಗಡು ಬೇಡ. ಆ ದೀಪಕ್ಕೆಂದೇ ಮಾಡಿದ ಹುಡ್ ಹಾಕಿ.

ಈಗ ಯಾವ ಶೀಟ್ ಅನ್ನುವ ಪ್ರಶ್ನೆಗೆ ಬರೋಣ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುತ್ತೇವೆ. ಇಲ್ಲಿ ಹೊಳೆಯುವುದೆಲ್ಲ ಒಳ್ಳೆಯ ರಿಫ್ಲೆಕ್ಟರ್ ಅಲ್ಲ. ಅಪ್ಪಟ ಬಿಳಿ ಮ್ಯಾಟ್ (ಹೊಳಪಿಲ್ಲದ) ಪೇಂಟ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 85ರಷ್ಟನ್ನು ತಿರುಗಿಸುತ್ತದೆ. ಶುಭ್ರವಾದ ಅಲ್ಯೂಮಿನಿಯಂ 90ರ ಆಸುಪಾಸು. ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಲೆಕ್ಕದಲ್ಲಿ ಇಲ್ಲ. ಕ್ರೀಮ್ ಬಣ್ಣದ ಗೋಡೆಯನ್ನು ಮಾತ್ರ ಬಿಳಿ ಎಂದು ಎಣಿಸಬೇಡಿ, ಅದು ನೀಲಿ ಬೆಳಕನ್ನು ಜಾಸ್ತಿ ನುಂಗುತ್ತದೆ. ಈ ನಷ್ಟ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಬೆಳಕು ಗೋಡೆಯಿಂದ ಗೋಡೆಗೆ ಪುಟಿದ ಹಾಗೆಲ್ಲ ಕೂಡುತ್ತಾ ಹೋಗುತ್ತದೆ. 90 ತಿರುಗಿಸುವ ಗೋಡೆಗಳ ನಡುವೆ ನಾಲ್ಕು ಸಲ ಪುಟಿದರೆ ನೂರರಲ್ಲಿ 66 ಉಳಿಯುತ್ತದೆ. 70 ತಿರುಗಿಸುವ ಮಾಸಿದ ಗೋಡೆಯಾದರೆ 24.

ನಿಜವಾದ ವ್ಯತ್ಯಾಸ ಇರುವುದು ಬೆಳಕು ಯಾವ ದಿಕ್ಕಿಗೆ ತಿರುಗುತ್ತದೆ ಅನ್ನುವುದರಲ್ಲಿ. ನೆಟ್ಟಗೆ ನಿಂತ ಕನ್ನಡಿಯಂಥ ಗೋಡೆಗೆ ಕೆಳಮುಖವಾಗಿ ಬಂದ ಬೆಳಕು, ಬಡಿದ ಮೇಲೂ ಕೆಳಮುಖವಾಗಿಯೇ ಹೋಗುತ್ತದೆ. ಮ್ಯಾಟ್ ಬಿಳಿ ಗೋಡೆ ಹಾಗಲ್ಲ, ಎಲ್ಲ ದಿಕ್ಕಿಗೂ ಚದುರಿಸುತ್ತದೆ. ಸುಮಾರು ಅರ್ಧ ಮೇಲಕ್ಕೇ ಹೋಗುತ್ತದೆ. ಹಾಗಾಗಿ ಬಿಳಿ ಗೋಡೆ ಹಾಕಿದವರು ಮೇಲ್ಭಾಗವನ್ನೂ ಬಿಳಿ ಮಾಡಿಕೊಂಡರೆ ಒಳ್ಳೆಯದು. ಆ ಫೋಟೊದವರ ಫಾಯಿಲ್‌ಗೆ ಕೆಲಸ ಸಿಗುತ್ತಿದ್ದದ್ದು ಪಕ್ಕದ ಗೋಡೆ ಬಂದ ಮೇಲೆಯೇ.

ಹಾಗಾದರೆ ಯಾವುದು ತಗೊಳ್ಳುವುದು? ಜಾಗ ಕಿರಿದಾಗಿ ಎತ್ತರವಾಗಿದ್ದರೆ, ಶೀಟನ್ನು ಸುಕ್ಕಿಲ್ಲದೆ ಬಿಗಿಯಾಗಿ ಎಳೆದು ಕೂರಿಸುವ ತಾಳ್ಮೆ ನಿಮಗಿದ್ದರೆ, ಮೈಲಾರ್ ಫಿಲ್ಮ್, ಅಂದರೆ ಲೋಹದ ಲೇಪನದ ತೆಳು ಪ್ಲಾಸ್ಟಿಕ್ ಹಾಳೆ, ಚೆನ್ನಾಗಿ ಕೆಲಸ ಮಾಡುತ್ತದೆ. ಇಲ್ಲದಿದ್ದರೆ ಬಿಳಿ ಪೇಂಟ್ ಅಥವಾ ಬಿಳಿ ಗಟ್ಟಿ ಬೋರ್ಡ್. ನಾನು ಹತ್ತರಲ್ಲಿ ಎಂಟು ಕಡೆ ಬಿಳಿಯನ್ನೇ ಹಾಕಿಸುತ್ತೇನೆ. ತಪ್ಪಾಗಿ ಕೂರಿಸಿದರೂ ಅದು ಕೆಲಸ ಮಾಡುತ್ತದೆ, ಮೈಲಾರ್‌ಗೆ ಆ ಗುಣ ಇಲ್ಲ. ಫಿಲ್ಮ್ ಕೊಳ್ಳುವುದಾದರೆ ಒಂದು ಪರೀಕ್ಷೆ ಮಾಡಿ. ಒಂದು ತುಂಡನ್ನು ಉರಿಯುವ ಬಲ್ಬ್‌ಗೆ ಅಡ್ಡ ಹಿಡಿಯಿರಿ. ಅದರ ಮೂಲಕ ಬಲ್ಬ್ ಕಾಣುತ್ತಿದೆಯಾ? ಹಾಗೆ ಕಂಡಷ್ಟು ಬೆಳಕು ನಿಮ್ಮ ಗಿಡಕ್ಕಿಲ್ಲ. ತುರ್ತು ಹೊದಿಕೆ ಎಂದು ಸಿಗುವ ತೆಳು ಬೆಳ್ಳಿ ಹಾಳೆಗಳು ಸಾಮಾನ್ಯವಾಗಿ ಇಲ್ಲೇ ಸಿಕ್ಕಿಬೀಳುತ್ತವೆ. ಮನೆಯ ಮುಖ ನೋಡುವ ಕನ್ನಡಿಯೂ ಬೇಡ. ಬೆಳಕು ಗಾಜನ್ನು ಎರಡು ಸಲ ದಾಟಬೇಕು, ಜೊತೆಗೆ ಭಾರ, ಒಡೆಯುವ ಭಯ.

ಅಡುಗೆಮನೆ ಫಾಯಿಲ್ ಬಗ್ಗೆ ಇರುವಷ್ಟು ಅಂತೆಕಂತೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಹೊಳಪಿನ ಬದಿ ಹೊರಗಿರಬೇಕಾ, ಮಂಕು ಬದಿಯಾ ಎಂದು ಕೇಳುತ್ತಾರೆ. ಫ್ಯಾಕ್ಟರಿಯಲ್ಲಿ ಕೊನೆಯ ಸುತ್ತಿಗೆ ಎರಡು ಹಾಳೆಗಳನ್ನು ಒಟ್ಟಿಗೆ ರೋಲರ್‌ಗೆ ಕೊಡುತ್ತಾರೆ. ರೋಲರ್ ತಾಗಿದ ಬದಿ ಹೊಳೆಯುತ್ತದೆ, ಹಾಳೆಗೆ ಹಾಳೆ ತಾಗಿದ ಬದಿ ಮಂಕಾಗುತ್ತದೆ. ತಿರುಗಿಸುವ ಒಟ್ಟು ಬೆಳಕು ಎರಡೂ ಬದಿಗೆ ಹೆಚ್ಚುಕಡಿಮೆ ಒಂದೇ. ಇನ್ನೊಂದು, ಫಾಯಿಲ್ ಎಲೆ ಸುಡುತ್ತದೆ ಅನ್ನುವುದು. ಚಪ್ಪಟೆ ಮೇಲ್ಮೈ ಬೆಳಕನ್ನು ಒಂದು ಬಿಂದುವಿಗೆ ಕೂಡಿಸಲಾರದು, ಅದಕ್ಕೆ ಬಟ್ಟಲಿನ ಹಾಗೆ ಒಳಬಾಗಿದ ಆಕಾರ ಬೇಕು. ನಾನು ನೋಡಿದ ಸುಟ್ಟ ಎಲೆಗಳಲ್ಲಿ ಮುಕ್ಕಾಲು ಪಾಲು ದೀಪಕ್ಕೆ ತೀರಾ ಹತ್ತಿರ ಇದ್ದವು. ಫಾಯಿಲ್‌ನ ನಿಜವಾದ ತೊಂದರೆ ಸುಕ್ಕು. ಸುಕ್ಕಿನೊಳಗೇ ಬೆಳಕು ಎರಡು ಮೂರು ಸಲ ಪುಟಿದು ಸೊರಗುತ್ತದೆ, ಎಲೆಗಳ ಮೇಲೆ ಪಟ್ಟೆ ಪಟ್ಟೆಯಾಗಿ ಬೀಳುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಫಾಯಿಲ್‌ನಲ್ಲಿ ಕರೆಂಟ್ ಹರಿಯುತ್ತದೆ. ಬಿಚ್ಚಿದ ವೈರ್, ಹೋಲ್ಡರ್, ಪ್ಲಗ್ ಹತ್ತಿರ ಅದು ಜೋತಾಡುವುದು ನೋಡಿದರೆ ನಾನು ಮೊದಲು ಸ್ವಿಚ್ ಆರಿಸುತ್ತೇನೆ, ಆಮೇಲೆ ಮಾತು. ಥರ್ಮಾಕೋಲ್ ಬೆಳಕು ಚೆನ್ನಾಗಿ ತಿರುಗಿಸುತ್ತದೆ, ಆದರೆ ಬೆಂಕಿ ಬೇಗ ಹಿಡಿಯುತ್ತದೆ. ಬಿಸಿ ದೀಪದ ಹತ್ತಿರ ಬೇಡವೇ ಬೇಡ.

ಇನ್ನು ನಿಲ್ಲಿಸುವ ರೀತಿ. ಗೋಡೆ ಗಿಡಕ್ಕೆ ಎಷ್ಟು ಹತ್ತಿರ ಇದ್ದರೆ ಅಷ್ಟು ಒಳ್ಳೆಯದು. ಟ್ರೇಗೂ ಬೋರ್ಡ್‌ಗೂ ನಡುವೆ ಒಂದು ಗೇಣು ಜಾಗ ಬಿಟ್ಟರೆ ಬೆಳಕು ಆ ಸಂದಿಯಲ್ಲೇ ನೆಲಕ್ಕೆ ಇಳಿದುಹೋಗುತ್ತದೆ. ಎಲೆ ತಾಗದಿದ್ದರೆ ಸಾಕು, ನಾಲ್ಕು ಬೆರಳು ಅಂತರ ಬೇಕಾದಷ್ಟಾಯಿತು. ಬೋರ್ಡ್ ದೀಪದ ಮಟ್ಟದಿಂದ ಶುರುವಾಗಿ ಕುಂಡದ ಕಂಠದವರೆಗೆ ಇಳಿಯಬೇಕು. ತುಂಬಾ ಜನ ಮೇಲಿನ ಅರ್ಧಕ್ಕೆ ಹಾಕಿ ಕೆಳಗೆ ಬಿಟ್ಟುಬಿಡುತ್ತಾರೆ. ಅಂಚಿನ ಸಸಿಗೆ ಬೇಕಾಗಿರುವುದು ಅದರ ಪಕ್ಕದಲ್ಲೇ ಇರುವ ಕೆಳಗಿನ ಅರ್ಧ. ಬೋರ್ಡ್ ಓರೆ ಮಾಡುವುದಾದರೆ ಬುಟ್ಟಿಯನ್ನು ಬೋರಲು ಹಾಕಿದ ಹಾಗೆ, ಮೇಲೆ ಕಿರಿದು, ಕೆಳಗೆ ಅಗಲ. ಆಗ ಅದರ ಮುಖ ಗಿಡದ ಕಡೆ ಇರುತ್ತದೆ. ಹೂವಿನ ಕುಂಡದ ಹಾಗೆ ಮೇಲೆ ಅಗಲ ಮಾಡಿದರೆ ಮುಖ ಚಾವಣಿಯ ಕಡೆ ತಿರುಗುತ್ತದೆ, ಬೆಳಕೂ ಅತ್ತಲೇ ಹೋಗುತ್ತದೆ. ಕೆಳಗೆ ಹಾಸುವ ಬಿಳಿ ಹಾಳೆ ಸಸಿ ಚಿಕ್ಕದಿದ್ದಾಗ ಎಲೆಯ ಅಡಿಗೆ ಸ್ವಲ್ಪ ಬೆಳಕು ಕೊಡುತ್ತದೆ. ಎಲೆಗಳು ಕೂಡಿಕೊಂಡು ಚಪ್ಪರವಾದ ಮೇಲೆ ಅದಕ್ಕೆ ಕೆಲಸವಿಲ್ಲ.

ಮಾಡಿದ್ದು ಸರಿಯಾಯಿತಾ ಎಂದು ತಿಳಿಯಲು ಮೊಬೈಲ್‌ನಲ್ಲಿ ಬೆಳಕು ಅಳೆಯುವ ಲಕ್ಸ್ ಮೀಟರ್ ಆ್ಯಪ್ ಸಾಕು. ಅದರ ಅಂಕಿ ಗಿಡದ ಭಾಷೆಯದ್ದಲ್ಲ, ನಿಜ. ಲಕ್ಸ್ ಅಳೆಯುವುದು ನಮ್ಮ ಕಣ್ಣಿನ ಲೆಕ್ಕದಲ್ಲಿ, ಹಸಿರು–ಹಳದಿಗೆ ಜಾಸ್ತಿ ತೂಕ ಕೊಟ್ಟು. ಗಿಡ ಬಳಸುವುದು 400ರಿಂದ 700 ನ್ಯಾನೊಮೀಟರ್‌ವರೆಗಿನ ಬೆಳಕನ್ನು. ನೇರಳೆ ಬಣ್ಣದ ಗ್ರೋ ಲೈಟ್‌ಗೆ ಈ ಆ್ಯಪ್ ತೀರಾ ಕಡಿಮೆ ತೋರಿಸುತ್ತದೆ. ಆದರೆ ಅದೇ ದೀಪ, ಅದೇ ಫೋನ್ ಇಟ್ಟುಕೊಂಡು ಮೊದಲು ಮತ್ತು ಆಮೇಲೆ ಹೋಲಿಸಲು ಅಡ್ಡಿಯಿಲ್ಲ. ಫೋನನ್ನು ಎಲೆಯ ಎತ್ತರದಲ್ಲಿ ಅಂಗಾತ ಇಟ್ಟು, ನಾಲ್ಕು ಮೂಲೆ, ನಾಲ್ಕು ಅಂಚು, ಒಂದು ನಡು, ಹೀಗೆ ಒಂಬತ್ತು ಕಡೆ ಅಳೆದು ಬರೆದುಕೊಳ್ಳಿ. ನಡುವಿನ ಅಂಕಿ ಏರಿತಾ ಎಂದು ನೋಡಬೇಡಿ, ಅದು ಅಷ್ಟಾಗಿ ಏರುವುದೂ ಇಲ್ಲ. ಮೂಲೆಯ ಅಂಕಿ ನಡುವಿನದಕ್ಕೆ ಎಷ್ಟು ಹತ್ತಿರ ಬಂತು, ಅದು ಮುಖ್ಯ. ಆ್ಯಪ್ ಬೇಡ ಅನ್ನುವವರು ಅಂಚಿನ ಸಸಿಯ ಮೇಲೆ ಕೈ ಅಡ್ಡ ಹಿಡಿಯಿರಿ. ನೆರಳು ಗಾಢವಾಗಿ, ಒಂದೇ ಆಗಿ ಬಿದ್ದರೆ ಬೆಳಕು ಒಂದೇ ಕಡೆಯಿಂದ ಬರುತ್ತಿದೆ. ನೆರಳು ತೆಳುವಾಗಿ ಅಂಚು ಕರಗಿದ್ದರೆ ಗೋಡೆಯೂ ಕೆಲಸ ಮಾಡುತ್ತಿದೆ.

ಒರೆಸುವುದನ್ನೂ ಮರೆಯಬೇಡಿ. ಗೊಬ್ಬರದ ನೀರು ಸಿಡಿದು ಒಣಗಿದ ಕಲೆ, ಧೂಳು, ಪಾಚಿ, ಇವೆಲ್ಲ ಬೆಳಕು ನುಂಗುತ್ತವೆ. ಮೈಲಾರ್‌ಗೆ ಮೆತ್ತನೆ ಒದ್ದೆ ಬಟ್ಟೆ ಸಾಕು, ಉಜ್ಜಿದರೆ ಗೀರು ಬೀಳುತ್ತದೆ.

ಆ ಟೊಮೇಟೊದವರು ನಾಲ್ಕು ಬಿಳಿ ಬೋರ್ಡ್ ತಂದು ಸುತ್ತ ನಿಲ್ಲಿಸಿದರು. ಹತ್ತು ದಿನದಲ್ಲಿ ಅಂಚಿನ ಸಸಿಗಳ ಹೊಸ ಎಲೆಗಳು ನೆಟ್ಟಗೆ ಬಂದವು. ಕಾಂಡದ ಹಳೆಯ ಬಾಗು ಹಾಗೇ ಉಳಿಯಿತು, ಅದನ್ನು ನಾಟಿ ಮಾಡುವಾಗ ಮಣ್ಣಿನೊಳಗೆ ಇಳಿಸಿಬಿಡಿ ಎಂದೆ. ಟೊಮೇಟೊ ಹೂತ ಕಾಂಡದಿಂದಲೂ ಬೇರು ಬಿಡುತ್ತದೆ. ಎರಡನೇ ವಾರ ಇನ್ನೊಂದು ಫೋಟೊ ಬಂತು. ಮಣ್ಣಿನ ಮೇಲೆ ಬಿಳಿ ಬೂಷ್ಟು, ಬೋರ್ಡ್‌ನ ಒಳಗೆಲ್ಲ ನೀರಿನ ಹನಿ. ಬೋರ್ಡ್‌ಗಳನ್ನು ನೆಲಕ್ಕೆ ಒತ್ತಿ ನಿಲ್ಲಿಸಿ, ಮೂಲೆಗಳಿಗೂ ಟೇಪ್ ಅಂಟಿಸಿ, ಗಾಳಿ ಆಡದ ಹಾಗೆ ಮಾಡಿದ್ದರು. ಕೆಳಗೆ ಎರಡು ಬೆರಳಷ್ಟು ಎತ್ತಿ ಇಟ್ಟಿಗೆ ಚೂರಿನ ಮೇಲೆ ನಿಲ್ಲಿಸಲು ಹೇಳಿದೆ, ಒಂದು ಮೂಲೆಯ ಟೇಪ್ ಕೀಳಿಸಿದೆ. ಈಗ ಅಲ್ಲಿ ಒಂದು ಪುಟ್ಟ ಫ್ಯಾನ್ ತಿರುಗುತ್ತಿದೆ.