ಕೆಲಸದ ಜಾಗದಲ್ಲಿ ಕರುಣೆ: ‘ಅಯ್ಯೋ ಪಾಪ’ ಆದಮೇಲೆ ಏನು?

ಮೊದಲು ಪದಗಳ ಗೊಂದಲ ಬಿಡಿಸಿಕೊಳ್ಳಿ. ‘ಅಯ್ಯೋ ಪಾಪ’ ಅಂದು ಸುಮ್ಮನಾದರೆ ಅದು ಕನಿಕರ. ಎದುರಿನವರ ಸಂಕಟ ನಮಗೂ ತಟ್ಟಿದರೆ ಸಹಾನುಭೂತಿ. ಆ ಸಂಕಟ ಇಳಿಸಲು ಏನಾದರೂ ಮಾಡಿದಾಗಲೇ ಕರುಣೆ. ಕರುಣೆ ಅಂದರೇನು ಅಂತ ಕೇಳಿದರೆ ಈ ಕೊನೆಯ ಅಂಶ ಬಿಟ್ಟುಬಿಡುವುದು ಸುಲಭ.

ಸಂಶೋಧಕರು ಇದನ್ನು ನಾಲ್ಕು ಹಂತವಾಗಿ ನೋಡುತ್ತಾರೆ: ಗಮನಿಸುವುದು, ಅರ್ಥ ಮಾಡಿಕೊಳ್ಳುವುದು, ಮಿಡಿಯುವುದು, ಮಾಡುವುದು. ಎರಡನೆಯದರಲ್ಲಿ ಎಡವುವುದು ಸುಲಭ. ಬೆಂಗಳೂರಿನ ಔಟರ್ ರಿಂಗ್ ರೋಡಿನ ಸಾಫ್ಟ್‌ವೇರ್ ಕಚೇರಿಯೊಂದನ್ನು ಊಹಿಸಿಕೊಳ್ಳಿ. ಟೆಸ್ಟಿಂಗ್ ಮಾಡುವವರೊಬ್ಬರು ಮೂರು ವಾರದಿಂದ ತಡ, ಕಾಲ್‌ನಲ್ಲಿ ಕ್ಯಾಮೆರಾ ಆಫ್, ಮೊದಲು ಹಿಡಿಯುತ್ತಿದ್ದ ಸಣ್ಣ ತಪ್ಪುಗಳು ಈಗ ಕಣ್ತಪ್ಪುತ್ತಿವೆ. ‘ಸೋಮಾರಿತನ’ ಅಂದುಕೊಂಡರೆ ಹೋಗುವುದು ವಾರ್ನಿಂಗ್ ಮೇಲ್. ಬೆಂಗಳೂರಿನಲ್ಲಿ ಇನ್ನೊಂದು ತೊಡಕು: ತಡವಾದದ್ದಕ್ಕೆ ‘ಸಿಲ್ಕ್ ಬೋರ್ಡ್ ಟ್ರಾಫಿಕ್ ಜಾಮ್’ ಅಂದರೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ, ಸಂಕಟದ ಲಕ್ಷಣ ಅದರಡಿಯಲ್ಲೇ ಮುಚ್ಚಿಹೋಗುತ್ತದೆ. ಹಾಗಾಗಿ ಪಕ್ಕದವರ ಜೊತೆ ಹೋಲಿಸಬೇಡಿ, ಅವರೇ ಎರಡು ತಿಂಗಳ ಹಿಂದೆ ಹೇಗಿದ್ದರು ಅಂತ ನೋಡಿ.

ಮಾತಿಗೆ ಅರ್ಧ ಗಂಟೆ ಇಟ್ಟುಕೊಳ್ಳಿ. ಎಲ್ಲರಿಗೂ ಕಾಣುವ ಗಾಜಿನ ರೂಮು ಬೇಡ, ಅಪ್ರೈಸಲ್ ದಿನವಂತೂ ಬೇಡವೇ ಬೇಡ. ‘ಡಿಪ್ರೆಶನ್ನಾ?’ ಅಂತ ಕೇಳುವುದು ಮ್ಯಾನೇಜರ್ ಕೆಲಸವಲ್ಲ. ಕಂಡದ್ದನ್ನಷ್ಟೇ ಹೇಳಿ: ‘ಮೂರು ವಾರದಿಂದ ತಡವಾಗ್ತಿದೆ, ಮೊದಲು ಹೀಗಿರಲಿಲ್ಲ. ಹೇಗಿದ್ದೀರಿ?’ ಆಮೇಲೆ ಸುಮ್ಮನಿರಿ. ಅಲ್ಲಿ ‘ಎಲ್ಲರಿಗೂ ಇರೋದೇ, ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದರೆ ಅವರು ಮತ್ತೆ ಬಾಯಿ ಬಿಡುವುದಿಲ್ಲ. ‘ಯಾರಿಗೂ ಹೇಳಲ್ಲ’ ಅಂತಲೂ ಮಾತು ಕೊಡಬೇಡಿ. ಜೀವಕ್ಕೆ ಅಪಾಯವಿದ್ದರೆ ಹೇಳಲೇಬೇಕಾಗುತ್ತದೆ ಎಂಬುದನ್ನು ಮೊದಲೇ ತಿಳಿಸಿ.

ಇನ್ನು ನಾಲ್ಕನೆಯ ಹಂತ, ಅಂದರೆ ಮಾಡುವುದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಪಟ್ಟಿಯಾದ ಐಸಿಡಿ-11 ಬರ್ನ್‌ಔಟನ್ನು, ಅಂದರೆ ಕೆಲಸದಿಂದ ಪೂರ್ತಿ ಬಸವಳಿದುಹೋಗುವುದನ್ನು, ಕಾಯಿಲೆ ಅನ್ನುವುದಿಲ್ಲ, ನಿಭಾಯಿಸದೆ ಉಳಿದ ದೀರ್ಘಕಾಲದ ಕೆಲಸದ ಒತ್ತಡದ ಫಲ ಅನ್ನುತ್ತದೆ. ಹಾಗಿದ್ದಮೇಲೆ ಕೆಲಸ ಹಾಗೇ ಇಟ್ಟು ಯೋಗದ ವೆಬಿನಾರ್ ಮಾಡಿಸಿದರೆ ಏನು ಬಂತು? ಎರಡು ವಾರ ರಾತ್ರಿಯ ಕಾಲ್ ತೆಗೆಯಿರಿ, ಎರಡು ಪ್ರಾಜೆಕ್ಟ್ ಇದ್ದರೆ ಒಂದು ಇಳಿಸಿ, ಮತ್ತೆ ಕೂತು ನೋಡುವ ತಾರೀಖನ್ನು ಬರೆದಿಡಿ. ಇಳಿಸಿದ ಕೆಲಸವನ್ನು ಪಕ್ಕದವರ ತಲೆಗೆ ಕಟ್ಟಿದರೆ ಮುಂದಿನ ತಿಂಗಳು ಅವರದ್ದೂ ಇದೇ ಕಥೆ. ಗಡುವನ್ನೇ ಮುಂದೂಡಬೇಕು, ಮ್ಯಾನೇಜರುಗಳಿಗೆ ಕಷ್ಟವಾಗುವುದೂ ಇಲ್ಲೇ.

ಚಿಕಿತ್ಸೆ ಮಾತ್ರ ಬಲ್ಲವರಿಗೆ ಬಿಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, ಸಂಖ್ಯೆ 14416, ಉಚಿತ; ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಹೊಸೂರು ರಸ್ತೆಯ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಸಾಯುವ ಮಾತು ಬಂದರೆ ‘ಆತ್ಮಹತ್ಯೆಯ ಯೋಚನೆ ಬರ್ತಿದೆಯಾ?’ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ‘ಹೌದು’ ಅಂದರೆ, ಮನೆಯವರೋ ವೈದ್ಯರೋ ಸಿಗುವ ತನಕ ಒಬ್ಬರನ್ನೇ ಬಿಟ್ಟು ಕದಲಬೇಡಿ.