ಕುಂಚವನ್ನೇ ಹಿಡಿಯದ ಅಮ್ಮನಿಗೆ ಆರ್ಟ್ ಥೆರಪಿ ಬೇಕಾ?

ಪ್ರಶ್ನೆ: ಅಮ್ಮನಿಗೆ 79 ವರ್ಷ. ಆಲ್ಝೈಮರ್ ಕಾಯಿಲೆ ಇದೆ, ವೃದ್ಧಾಶ್ರಮದಲ್ಲಿದ್ದಾರೆ. ಅಲ್ಲಿ ವಾರಕ್ಕೆರಡು ದಿನ ಆರ್ಟ್ ಥೆರಪಿ ಅಂತ ಬಣ್ಣ ಕೊಟ್ಟು ಕೂರಿಸುತ್ತಾರೆ. ಅಮ್ಮ ಯಾವತ್ತೂ ಚಿತ್ರ ಬರೆದವರಲ್ಲ. ಇದರಿಂದ ಉಪಯೋಗ ಇದೆಯಾ, ಇಲ್ಲಾ ಸುಮ್ನೆ ಹೊತ್ತು ಕಳೆಯೋದಾ?

ಉತ್ತರ: ಉಪಯೋಗ ಇದೆ. ಆದರೆ ಬಣ್ಣ ಹಚ್ಚಿದರೆ ಹೋದ ನೆನಪು ವಾಪಸ್ ಬರುವುದಿಲ್ಲ, ಕಾಯಿಲೆಯೂ ನಿಲ್ಲುವುದಿಲ್ಲ. ಹಾಗೆ ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

'ಚಿತ್ರ ಬರೆದವರಲ್ಲ' ಅಂತೀರಿ. ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಿರುತ್ತಾರೆ, ಅಲ್ವಾ? ಅಳತೆಪಟ್ಟಿ ಇಲ್ಲದೆ ಸಾಲಾಗಿ ಚುಕ್ಕಿ ಇಟ್ಟು ಎಳೆ ಸೇರಿಸುವುದು ಚಿತ್ರವಲ್ಲದೆ ಇನ್ನೇನು? ಆಲ್ಝೈಮರ್‌ನಲ್ಲಿ ಮೊದಮೊದಲು ಪೆಟ್ಟು ತಿನ್ನುವುದು ಮೆದುಳಿನ ಹಿಪೊಕ್ಯಾಂಪಸ್ ಅನ್ನುವ ಭಾಗ. ಹೊಸ ನೆನಪು ಕೂಡಿಡಲು ಅದು ಬೇಕೇ ಬೇಕು. ಅದಕ್ಕೇ ಬೆಳಿಗ್ಗೆ ತಿಂದ ತಿಂಡಿ ಮಧ್ಯಾಹ್ನಕ್ಕೆ ಮರೆತಿರುತ್ತದೆ. ಕೈಗೆ ರೂಢಿಯಾದ ಕೆಲಸ ಮೆದುಳಿನ ಬೇರೆ ಭಾಗಗಳನ್ನು ನೆಚ್ಚಿಕೊಂಡಿರುತ್ತದೆ, ಸಾಮಾನ್ಯವಾಗಿ ಜಾಸ್ತಿ ದಿನ ಉಳಿಯುತ್ತದೆ. ಮಕ್ಕಳ ಹೆಸರು ಮರೆತವರ ಬೆರಳಿಗೂ ಹಿಟ್ಟು ಸಿಕ್ಕರೆ ಎಳೆ ಮೂಡಬಹುದು.

ಆರ್ಟ್ ಥೆರಪಿ ಅನ್ನುವ ಹೆಸರು ಹುಟ್ಟಿದ್ದೂ ಒಬ್ಬ ರೋಗಿಯಿಂದಲೇ. ಬ್ರಿಟನ್ನಿನ ಕಲಾವಿದ ಏಡ್ರಿಯನ್ ಹಿಲ್ 1938ರಲ್ಲಿ ಕ್ಷಯ ಬಂದು ಸ್ಯಾನಿಟೋರಿಯಂ ಸೇರಿದ್ದರು. ಚಿತ್ರ ಬರೆಯುತ್ತಾ ಮನಸ್ಸು ಹಗುರಾಯಿತು. ಆಮೇಲೆ ಉಳಿದ ರೋಗಿಗಳಿಗೂ ಹೇಳಿಕೊಟ್ಟರು. 1942ರಲ್ಲಿ ಅದಕ್ಕೆ ಈ ಹೆಸರಿಟ್ಟರು.

ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ಇನ್ನೊಂದು. ಆಶ್ರಮದಲ್ಲಿ ಏಳುವುದು, ಸ್ನಾನ, ಊಟ, ದೀಪ ಆರಿಸುವುದು ಎಲ್ಲವನ್ನೂ ಬೇರೆಯವರೇ ತೀರ್ಮಾನ ಮಾಡುತ್ತಾರೆ. ಕಾಗದದ ಮುಂದೆ ಕೂತಾಗ ಮಾತ್ರ "ಕೆಂಪು ಬೇಕಾ, ಹಳದಿ ಬೇಕಾ?" ಅಂತ ಅಮ್ಮನನ್ನೇ ಕೇಳುತ್ತಾರೆ. ಎಷ್ಟು ಬಳಿಯಬೇಕು, ಎಲ್ಲಿ ನಿಲ್ಲಿಸಬೇಕು, ಎರಡೂ ಅವರಿಗೇ ಬಿಟ್ಟದ್ದು. ಮನೆ ನಡೆಸಿದ ಹೆಂಗಸಿಗೆ ಇದು ಸಣ್ಣ ವಿಷಯ ಅಲ್ಲ.

ಹಾಗಂತ ಬಣ್ಣದ ಡಬ್ಬಿ ಇಟ್ಟ ಕಡೆಯೆಲ್ಲ ಥೆರಪಿ ನಡೆಯುತ್ತದೆ ಅಂತಲ್ಲ. ಒಂದು ದಿನ ಹೋಗಿ ಕೂತು ನೋಡಿ. ಪುಟ್ಟ ಮಕ್ಕಳ ಬಣ್ಣದ ಪುಸ್ತಕ ಕೊಟ್ಟು "ಗೆರೆ ದಾಟಬೇಡಿ ಅಜ್ಜಿ" ಅನ್ನುತ್ತಿದ್ದರೆ ನನಗೆ ಬೇಸರವಾಗುತ್ತದೆ. ತರಬೇತಿ ಆದವರು ತಿದ್ದುವುದಿಲ್ಲ. ಪಕ್ಕದಲ್ಲಿ ಕೂರುತ್ತಾರೆ, ಮುಖ ನೋಡುತ್ತಾರೆ, ಸಾಕು ಅನ್ನಿಸಿದಾಗ ನಿಲ್ಲಿಸುತ್ತಾರೆ. ಬೆರಳು ಸೆಟೆದವರಿಗೆ ಕುಂಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡುತ್ತಾರೆ.

ನೀವೂ ಒಂದು ಕೆಲಸ ಮಾಡಿ. ಅಮ್ಮನ ಕೈಗೆ ಏನೇನು ಬರುತ್ತಿತ್ತು ಅಂತ ಅಲ್ಲಿಯವರಿಗೆ ಹೇಳಿ. ಹೂ ಕಟ್ಟುವುದು, ಕಸೂತಿ, ಕೌದಿ ಹೊಲಿಯುವುದು, ಏನಿದ್ದರೂ ಸರಿ. ಅವರು ಬರೆದದ್ದನ್ನು ತೋರಿಸಿದರೆ "ಇದೇನಮ್ಮಾ?" ಅಂತ ಕೇಳಬೇಡಿ, ಉತ್ತರ ಸಿಗದೆ ಮುಜುಗರಪಡುತ್ತಾರೆ. "ಈ ಹಳದಿ ಎಷ್ಟು ಚೆನ್ನಾಗಿದೆ" ಅನ್ನಿ. ಮುಂದಿನ ಸಲ ಹೋಗುವಾಗ ಸ್ವಲ್ಪ ಅಕ್ಕಿಹಿಟ್ಟು ಒಯ್ಯಿರಿ, ಅಪ್ಪಿತಪ್ಪಿ ಬಾಯಿಗೆ ಹೋದರೂ ಭಯವಿಲ್ಲ. ನೆಲಕ್ಕೆ ಬಗ್ಗಲು ಆಗುವುದಿಲ್ಲವಲ್ಲ, ಒಂದು ಕಪ್ಪು ಟ್ರೇ ಮೇಜಿನ ಮೇಲಿಡಿ. ಮೊದಲ ಚುಕ್ಕಿ ನೀವಿಟ್ಟು ಸುಮ್ಮನೆ ಕೂರಿ.